ಕಾರಿನ ಸೂರು ಸೋರಿದಾಗ



ಮಳೆಗಾಲಕ್ಕೆ ಮುಂಚೆ ಹೆಂಚು ಸರಿಮಾಡಿಸೋದು, ಸೂರಿನ ದೋಣಿಯಲ್ಲಿ ಸೇರಿದ ತರಗು ತೆಗೆಸೋದು ನಮಗೆಲ್ಲ ಗೊತ್ತಿರೋ ಕೆಲಸ. ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಕಾರಿಗೂ ಒಂದು ಸೂರು, ಆ ಸೂರಿಗೆ ಒಂದು ದೋಣಿ, ಅದರ ಹಿಂದೆ ಒಂದು ತೊಲೆ ಇರುತ್ತೆ ಎನ್ನುವುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? "ಕಾರಿನ ವಿಷಯ ಗಂಡಸರದ್ದು" ಅಂತ ಸುಮ್ಮನಾಗಿಬಿಡ್ತೀವಿ. ಅದರೊಳಗೆ ಕೂರೋರು ನಾವು, ನಮ್ಮ ಮಕ್ಕಳು. ರಿಪೇರಿಗೆ ಹೋಗೋ ಹಣ ನಮ್ಮ ಸಂಸಾರದ್ದು. ಅಂದಮೇಲೆ ನಾಲ್ಕು ಮಾತು ನಾವೂ ತಿಳಿದುಕೊಂಡರೆ ತಪ್ಪೇನು ಹೇಳಿ? ಈ ಸಲ ಅಡುಗೆಮನೆ ಬಿಟ್ಟು ಅಂಗಳದಲ್ಲಿ ನಿಂತಿರೋ ಕಾರಿನ ಹತ್ತಿರ ಹೋಗೋಣ ಬನ್ನಿ.

ನಮ್ಮ ಸುತ್ತೂರು, ನಂಜನಗೂಡು, ತಿ. ನರಸೀಪುರದ ಕಡೆ ಹಳೇ ಮನೆಗಳ ಮುಂದೆ ಈಗಲೂ ಒಂದೊಂದು ಅಂಬಾಸಿಡರ್ ಕಣ್ಣಿಗೆ ಬೀಳುತ್ತೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ಹಿಂದೂಸ್ತಾನ್ ಮೋಟಾರ್ಸ್‌ನವರು ಕೋಲ್ಕತ್ತಾ ಪಕ್ಕದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ ಇದನ್ನು ತಯಾರಿಸಿದರು. 2014ರ ಮೇ ತಿಂಗಳಲ್ಲಿ ತಯಾರಿಕೆ ನಿಂತುಹೋಯಿತು. ಅಂದರೆ ಅತಿ ಹೊಸದು ಎನ್ನುವ ಅಂಬಾಸಿಡರಿಗೂ ಈಗ ಹತ್ತು ವರ್ಷ ದಾಟಿದೆ. ಇಂಜಿನ್ನಿನ ಬಿಡಿಭಾಗ ಹುಡುಕಿದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಮೈಸೂರಿನಲ್ಲೋ ಸಿಕ್ಕೀತು. ಮೈಯ ತಗಡು ಮಾತ್ರ ಹಾಗೆ ಸಿಕ್ಕೋದಿಲ್ಲ. ಗುಜರಿಗೆ ಬಂದ ಇನ್ನೊಂದು ಕಾರಿನಿಂದ ಕತ್ತರಿಸಿ ತರಬೇಕು, ಇಲ್ಲವೇ ಕೈಯಲ್ಲೇ ತಟ್ಟಿ ಮಾಡಿಸಬೇಕು.

ನಮ್ಮ ಮನೆಯದು 1978ರ ಮಾರ್ಕ್ 3. ಮಾವನವರು ಭತ್ತ ಮಾರಿದ ದುಡ್ಡಿಗೆ ಸಾಲ ಸೇರಿಸಿ ಸೆಕೆಂಡ್ ಹ್ಯಾಂಡಿನಲ್ಲಿ ತಂದದ್ದು. ನನ್ನ ಎರಡು ಹೆರಿಗೆಗೂ ಮೈಸೂರಿಗೆ ಹೋದದ್ದು ಇದರಲ್ಲೇ. ಹೋದ ಮಳೆಗಾಲದಲ್ಲಿ ಹಿಂದಿನ ಸೀಟಿನ ಬಲಗಡೆ ತೊಟ್ಟಿಕ್ಕಲು ಶುರುವಾಯಿತು. ಒಳಚಾವಣಿಯ ರೆಕ್ಸಿನ್ ಮೇಲೆ ಕಾಫಿ ಚೆಲ್ಲಿದ ಹಾಗೆ ಕಲೆ. ಬಾಗಿಲ ಮೇಲಿನ ಅಂಚಿನಲ್ಲಿ ಬಣ್ಣ ಗುಳ್ಳೆ ಗುಳ್ಳೆಯಾಗಿ ಎದ್ದಿತ್ತು. ಮಾಘದಲ್ಲಿ ಮೈದುನನ ಮಗಳ ಮದುವೆ ಬೇರೆ ಗೊತ್ತಾಗಿತ್ತು. "ಅತ್ತಿಗೆ, ಪುಟ್ಟಿ ಹಾಕಿಸಿ ಬಣ್ಣ ಹೊಡೆಸಿದ್ರೆ ನಾಲ್ಕು ದಿನದ ಕೆಲಸ. ಮದುವೆಗೆ ಮಿರಮಿರ ಅಂತಿರುತ್ತೆ" ಅಂದ ಮೈದುನ. ಮಾತು ಕೇಳೋಕೆ ಚೆನ್ನಾಗಿಯೇ ಇತ್ತು.

ನಂಜನಗೂಡಿನ ಟಿಂಕರಿಂಗ್ ಮೇಸ್ತ್ರಿ ಸ್ಕ್ರೂಡ್ರೈವರ್ ತುದಿಯಿಂದ ಆ ಗುಳ್ಳೆಯನ್ನು ಮೆಲ್ಲಗೆ ಒತ್ತಿದರು. ಹಣ್ಣಾದ ಪರಂಗಿಗೆ ಚಾಕು ಹೋದಂತೆ ಸರ್ರನೆ ಒಳಗೆ ಹೋಯಿತು! ಹೆರೆದು ನೋಡಿದರೆ ಅಲ್ಲಿ ತಗಡೇ ಇಲ್ಲ. ಹಿಂದೆ ಯಾವ ಕಾಲದಲ್ಲೋ ಯಾವುದೋ ಗ್ಯಾರೇಜಿನವರು ತೂತಿಗೆ ಗೋಣಿಚೂರು ತುರುಕಿ, ಮೇಲೆ ಬೆರಳು ದಪ್ಪ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದರು. ಅಷ್ಟು ವರ್ಷ ಆ ಗೋಣಿ ನೀರು ಕುಡಿದು ಕುಡಿದು ಸುತ್ತಲಿನ ಕಬ್ಬಿಣವನ್ನೆಲ್ಲ ತಿಂದುಹಾಕಿತ್ತು. "ಅಮ್ಮಾವ್ರೆ, ಇದು ಬರೀ ನೀರು ಹೋಗೋ ಜಾಗ ಅಲ್ಲ. ಗಾಡಿಗೆ ಇದು ತೊಲೆ ಇದ್ದಂಗೆ" ಅಂದರು ಮೇಸ್ತ್ರಿ.

ಯಾಕೆ ತೊಲೆ ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ. ಲಾರಿ, ಜೀಪುಗಳಿಗೆ ಕೆಳಗೆ ಛಾಸಿ ಅಂತ ಗಟ್ಟಿ ಚೌಕಟ್ಟು ಇರುತ್ತೆ. ಮೇಲಿನ ಮೈ ಅದರ ಮೇಲೆ ಕೂತಿರುತ್ತೆ, ಅಷ್ಟೆ. ಅಂಬಾಸಿಡರಿಗೆ ಹಾಗೆ ಬೇರೆ ಛಾಸಿ ಇಲ್ಲ. ಸೋರೆಬುರುಡೆಗೆ ಒಳಗೆ ಮೂಳೆ ಇದೆಯೇ? ಚಿಪ್ಪೇ ಅದರ ಬಲ. ಹಾಗೆಯೇ ಇಲ್ಲಿ ನೆಲದ ತಗಡು, ಬಾಗಿಲ ಕಂಬಗಳು, ಮೇಲಿನ ಚಾವಣಿ ಎಲ್ಲವೂ ಒಂದಕ್ಕೊಂದು ಬೆಸೆದುಕೊಂಡು ಭಾರ ಹೊರುತ್ತವೆ. ಬಾಗಿಲುಗಳ ಮೇಲೆ ಮುಂದಿನಿಂದ ಹಿಂದಕ್ಕೆ ಹೋಗೋ ಉದ್ದನೆಯ ಪೊಳ್ಳು ಪಟ್ಟಿಯೇ ಆ ತೊಲೆ. ಅದರ ಹೊರ ಅಂಚಿಗೆ ಚಾವಣಿಯ ತಗಡು, ಮಳೆನೀರಿನ ಸಣ್ಣ ದೋಣಿ ಎರಡನ್ನೂ ಸೇರಿಸಿ ಬೆಸೆದಿರ್ತಾರೆ. ಮೂರು ತಗಡು ಸೇರೋ ಜಾಗ ಅಂದಮೇಲೆ ಸಂದು ಇದ್ದೇ ಇರುತ್ತೆ. ಸಂದಿಗೆ ನೀರು ಹೋದರೆ ಬೇಗ ಆರೋದಿಲ್ಲ. ಕಬ್ಬಿಣ, ನೀರು, ಗಾಳಿ ಮೂರೂ ಸೇರಿದರೆ ತುಕ್ಕು ಹಿಡಿಯದೇ ಇರುತ್ತಾ? ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತೆ. ಅದು ಉಬ್ಬಿದಾಗಲೇ ಮೇಲಿನ ಬಣ್ಣ ಗುಳ್ಳೆ ಏಳೋದು. ಅಂದರೆ ಗುಳ್ಳೆ ನಮ್ಮ ಕಣ್ಣಿಗೆ ಬಿದ್ದಾಗ ಒಳಗೆ ಕೆಲಸ ಆಗಲೇ ಕೆಟ್ಟಿರುತ್ತೆ.

ಇನ್ನೊಂದು ಕಾರಣ ಕೇಳಿದರೆ ನಿಮಗೆ ನಗು ಬರಬಹುದು. ಮದುವೆಗೆ, ಜಾತ್ರೆಗೆ, ತವರಿಗೆ ಹೋಗುವಾಗ ನಾವೆಲ್ಲ ಕಾರಿನ ತಲೆ ಮೇಲೆ ಕ್ಯಾರಿಯರ್ ಕಟ್ಟಿಸಿ ಅಕ್ಕಿಮೂಟೆ, ಕೊಪ್ಪರಿಗೆ, ಹಾಸಿಗೆ ಸುರುಳಿ, ಹಲಸಿನಹಣ್ಣು ಎಲ್ಲ ಹೇರಿಸಿದೋರೇ ಅಲ್ವೇ? ಆ ಕ್ಯಾರಿಯರಿನ ಕಾಲುಗಳು ಕಚ್ಚಿಕೊಂಡು ನಿಲ್ಲೋದು ಇದೇ ದೋಣಿಯ ಅಂಚಿನ ಮೇಲೆ. ಕುಲುಕಿದಾಗಲೆಲ್ಲ ಅಲ್ಲಿ ಬಣ್ಣ ಕಿತ್ತು ಹೋಗುತ್ತೆ, ತಗಡು ಬರಿಮೈಯಾಗುತ್ತೆ. ಆಮೇಲೆ ಕಾರನ್ನು ಹುಣಸೆಮರದ ಅಡಿ ನಿಲ್ಲಿಸಿದರಂತೂ ಉದುರಿದ ಸಣ್ಣ ಎಲೆ ದೋಣಿಯಲ್ಲಿ ಕೂತು ಒದ್ದೆ ಬಟ್ಟೆ ಸುತ್ತಿದ ಹಾಗೆ ತೇವ ಹಿಡಿದಿಡುತ್ತೆ.

ಪುಟ್ಟಿಗೆ ಹೇಳಿದ ಹಣದ ನಾಲ್ಕರಷ್ಟು ತಗಡು ಬದಲಾಯಿಸೋ ಕೆಲಸಕ್ಕೆ ಆಗುತ್ತೆ ಅಂದರು ಮೇಸ್ತ್ರಿ. ಮನೆಯಲ್ಲಿ ಎರಡು ದಿನ ಮಾತುಕತೆ ನಡೆಯಿತು. ಮದುವೆ ಖರ್ಚಿನ ನಡುವೆ ಇದೆಲ್ಲ ಬೇಕಾ ಅಂತ ಯಜಮಾನರು. ಈಗ ಪುಟ್ಟಿ ಹಾಕಿಸಿ, ಮದುವೆ ಮುಗಿದಮೇಲೆ ಮಾರಿಬಿಡೋಣ ಅಂತ ಮೈದುನ. ಆಗ ನಾನೂ ಒಂದು ಮಾತು ಕೇಳಿದೆ: "ಒಳಗೆ ಹುಳುಕಿದೆ ಅಂತ ಗೊತ್ತಿದ್ದೂ ಬಣ್ಣ ಬಳಿದು ಮಾರಿದ್ರೆ, ನಾಳೆ ಅದರಲ್ಲಿ ಕೂರೋ ಹೆಂಗಸು ಮಕ್ಕಳ ಗತಿ ಏನು? ನಮಗೆ ಮೆತ್ತಿದವರಿಗೂ ನಮಗೂ ಏನು ವ್ಯತ್ಯಾಸ?" ಯಾರೂ ಉತ್ತರ ಕೊಡಲಿಲ್ಲ. ಅಷ್ಟು ಹೊತ್ತು ಸುಮ್ಮನಿದ್ದ ಮಾವನವರು, "ಮದುಮಗಳನ್ನ ಕೂರಿಸ್ಕೊಂಡು ಹೋಗೋ ಗಾಡಿ ಕಣವ್ವ. ಬಣ್ಣ ಇಲ್ದಿದ್ರೂ ಆಯ್ತು, ಒಳಗೆ ಗಟ್ಟಿ ಇರ್ಬೇಕು" ಅಂದರು. ಕಡಿಮೆ ಬಿದ್ದ ಹಣಕ್ಕೆ ನನ್ನ ಚೀಟಿ ದುಡ್ಡು ಕೊಟ್ಟೆ. ಕೊಟ್ಟಮೇಲೆ ಕೆಲಸ ನೋಡೋ ಹಕ್ಕೂ ಬಂತಲ್ಲ! ಶೆಡ್ಡಿಗೆ ಮೂರು ಸಲ ಹೋಗಿ ಕೂತು ನೋಡಿಬಂದೆ.

ಮೊದಲು ಸೀಟು, ಒಳಚಾವಣಿಯ ಬಟ್ಟೆ, ಅದನ್ನು ಹಿಡಿದಿದ್ದ ಕಮಾನು ಕಂಬಿಗಳು ಎಲ್ಲ ಹೊರಗೆ ಬಂದವು. ಬೆಸುಗೆಯ ಕಿಡಿ ಬಿದ್ದರೆ ಹತ್ತಿಕೊಳ್ಳೋ ಪದಾರ್ಥ ಅವು. ಬ್ಯಾಟರಿ ತಂತಿ ಕಳಚಿದರು. ಪೆಟ್ರೋಲ್ ಟ್ಯಾಂಕ್ ಬಿಚ್ಚಿ ದೂರ ಇಟ್ಟರು. ಎರಡು ಬಕೆಟ್ ಮರಳು, ಒಂದು ಡ್ರಮ್ ನೀರು ಪಕ್ಕದಲ್ಲೇ ಇತ್ತು. ಕಾರನ್ನು ಸಮನೆಲದ ಮೇಲೆ ನಾಲ್ಕೂ ಕಡೆ ಒಂದೇ ಮಟ್ಟಕ್ಕೆ ಆನಿಸಿ ನಿಲ್ಲಿಸಿದರು.

ಆಮೇಲಿನ ಕೆಲಸ ನನಗೆ ತುಂಬಾ ಹಿಡಿಸಿತು. ಮನೆಯಲ್ಲಿ ಹುಳುಕು ತೊಲೆ ತೆಗೆಯೋ ಮುಂಚೆ ಬಡಗಿ ಊರೆಗಂಬ ಕೊಡ್ತಾನಲ್ಲ, ಹಾಗೆಯೇ ಬಾಗಿಲ ಜಾಗಕ್ಕೆ ಮೂಲೆಯಿಂದ ಮೂಲೆಗೆ ಕಬ್ಬಿಣದ ಪೈಪು ಕೊಟ್ಟು ತಾತ್ಕಾಲಿಕವಾಗಿ ಬೆಸೆದರು. ಇಲ್ಲದಿದ್ದರೆ ತೊಲೆ ಕತ್ತರಿಸಿದ ಕೂಡಲೇ ಕಾರು ಬಾಗಿ, ಆಮೇಲೆ ಬಾಗಿಲು ಕೂರೋದೇ ಇಲ್ಲವಂತೆ. ಮೂಲೆ ಅಳತೆಗಳನ್ನು ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟರು.

ಕೆಟ್ಟ ತಗಡನ್ನು ಒಂದೇ ಸಲ ಪೂರ್ತಿ ಕಿತ್ತುಹಾಕಲಿಲ್ಲ. ಗೇಣುದ್ದ, ಮೊಳದುದ್ದ ಕತ್ತರಿಸೋದು, ಒಳ್ಳೆ ತಗಡು ಹೊಳೆಯೋ ತನಕ ಹೆರೆಯೋದು, ಅಷ್ಟಕ್ಕೆ ಸರಿಯಾದ ಹೊಸ ತುಂಡು ಕೂರಿಸೋದು. ಒಳಗಿನ ತೊಲೆಗೆ ಮೊದಲು, ಹೊರಗಿನ ದೋಣಿಗೆ ಕೊನೆಗೆ. ಹೊಸ ತಗಡು ಹಳೆಯದರಷ್ಟೇ ದಪ್ಪ ಇರಬೇಕು. ತೆಳ್ಳಗಿನ ಡಬ್ಬದ ತಗಡು ಹಾಕಿದರೆ ಪುಟ್ಟಿಗೂ ಅದಕ್ಕೂ ಭೇದವಿಲ್ಲ. ಬೆಸುಗೆಯನ್ನೂ ಉದ್ದಕ್ಕೆ ಎಳೆಯಲಿಲ್ಲ. ಬಿಸಿ ಹೆಚ್ಚಾದರೆ ಚಾವಣಿಯ ತಗಡು ಹಪ್ಪಳದ ಹಾಗೆ ಏಳುತ್ತೆ. ಅದಕ್ಕೇ ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ. ರವಿಕೆಗೆ ಮೊದಲು ಕಚ್ಚಾ ಹೊಲಿಗೆ ಹಾಕ್ತೀವಲ್ಲ, ಥೇಟ್ ಹಾಗೆ! ಪ್ರತಿ ತುಂಡಾದಮೇಲೂ ಬಾಗಿಲು ಹಾಕಿ ತೆಗೆದು ನೋಡ್ತಿದ್ದರು. ತಗಡಿನ ಮೇಲೆ ತಗಡು ಬರೋ ಕಡೆ ಸತುವಿನ ಪ್ರೈಮರ್, ಹೊರಗಿನ ಸಂದಿಗೆ ಸೀಲರ್, ಕೊನೆಗೆ ಪೊಳ್ಳು ತೊಲೆಯೊಳಗೆ ತುಕ್ಕು ತಡೆಯೋ ಮೇಣ. ಇಷ್ಟಾದಮೇಲೆ ಬಕೆಟ್ಟಿನಿಂದ ನೀರು ಹೊಯ್ದು, ದೋಣಿಯ ನೀರು ಎರಡೂ ತುದಿಯಲ್ಲಿ ಸರಾಗವಾಗಿ ಇಳಿಯುತ್ತಾ ಅಂತ ನೋಡಿದರು. ಪುಟ್ಟಿಯನ್ನೂ ಉಪಯೋಗಿಸಿದರು. ಆದರೆ ಹೊಸೆದ ತಗಡಿನ ಉಬ್ಬುತಗ್ಗು ಸಮ ಮಾಡೋದಕ್ಕೆ, ಉಗುರಿನಷ್ಟು ತೆಳುವಾಗಿ ಮಾತ್ರ. ಪುಟ್ಟಿ ಇರೋದೇ ಅದಕ್ಕೆ. ಭಾರ ಹೊರೋದು ಅದರ ಕೆಲಸವಲ್ಲ.

ಮದುವೆಯ ಹೊತ್ತಿಗೆ ಬೆಸುಗೆ ಮುಗಿದಿತ್ತು, ಬಣ್ಣ ಮುಗಿದಿರಲಿಲ್ಲ. ಬೂದು ಪ್ರೈಮರಿನ ಮೇಲೆ ಚೆಂಡುಹೂವಿನ ಮಾಲೆ ಇಳಿಬಿಟ್ಟು ಮದುಮಗಳನ್ನು ಕರೆತಂದೆವು. ಬೀಗರು ಅದನ್ನು ಗಮನಿಸಿದಂತೆ ಕಾಣಲಿಲ್ಲ. ಈ ವರ್ಷದ ಮಳೆಯಲ್ಲಿ ಒಂದು ಹನಿಯೂ ಒಳಗೆ ಬಂದಿಲ್ಲ.

ನಿಮ್ಮ ಮನೆಯಲ್ಲೂ ಹಳೇ ಕಾರಿದ್ದರೆ ಈ ಸೂಚನೆಗಳು ಉಪಯೋಗಕ್ಕೆ ಬರಬಹುದು:

1. ತಿಂಗಳಿಗೊಮ್ಮೆ ಹಳೇ ಹಲ್ಲುಜ್ಜೋ ಬ್ರಷ್ಷಿನಿಂದ ದೋಣಿಯ ಕಸ ತೆಗೆದು, ತೊಳೆದು, ಒಣಬಟ್ಟೆಯಲ್ಲಿ ಒರೆಸಿ.

2. ಬಣ್ಣದ ಗುಳ್ಳೆ, ಒಳಬಟ್ಟೆಯ ಕಲೆ, ಮುಗ್ಗಲು ವಾಸನೆ, ಮೊದಲಿಗಿಂತ ಜೋರಾಗಿ ತಳ್ಳಿದರೇ ಹಾಕೋ ಬಾಗಿಲು: ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ತೋರಿಸಿ.

3. ಟಾರ್ಪಾಲನ್ನು ಒದ್ದೆ ಕಾರಿನ ಮೇಲೆ ಬಿಗಿಯಾಗಿ ಹೊದಿಸಬೇಡಿ. ತೇವ ಒಳಗೇ ಉಳಿಯುತ್ತೆ. ಗಾಳಿಯಾಡೋ ಚಪ್ಪರವೇ ಮೇಲು.

4. ಕ್ಯಾರಿಯರ್ ಕಾಲಿನ ಕೆಳಗೆ ಹಳೇ ಟ್ಯೂಬಿನ ರಬ್ಬರ್ ತುಂಡು ಇಡಿಸಿ. ಕೆಲಸ ಮುಗಿದಮೇಲೆ ಕ್ಯಾರಿಯರ್ ಬಿಚ್ಚಿಸಿ, ರಬ್ಬರನ್ನೂ ತೆಗೆಸಿ, ಕಿತ್ತ ಬಣ್ಣಕ್ಕೆ ಆಗಲೇ ಪ್ರೈಮರ್ ಮುಟ್ಟಿಸಿ.

5. ಮೇಸ್ತ್ರಿಯನ್ನು ಮೂರು ಪ್ರಶ್ನೆ ಕೇಳಿ: ತಗಡು ಎಷ್ಟು ದಪ್ಪ? ಕತ್ತರಿಸೋ ಮುಂಚೆ ಊರೆ ಕೊಡ್ತೀರಾ? ಬಣ್ಣ ಹೊಡೆಯೋ ಮುಂಚೆ ಬರಿ ಬೆಸುಗೆ ನೋಡೋಕೆ ಕರೀತೀರಾ? ಒಳ್ಳೆ ಕೆಲಸಗಾರ ಈ ಪ್ರಶ್ನೆಗಳಿಗೆ ಸಿಟ್ಟಾಗೋದಿಲ್ಲ, ಸಂತೋಷಪಡ್ತಾನೆ.

ಕಾಗದಪತ್ರದ ಮಾತೂ ಒಂದಿಷ್ಟು. ಸ್ವಂತ ಬಳಕೆಯ ಕಾರಿಗೆ ಮೊದಲ 15 ವರ್ಷ ಮುಗಿದಮೇಲೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು. ಆರ್.ಟಿ.ಒ. ತಪಾಸಣೆಯಲ್ಲಿ ಗಾಡಿ ಗಟ್ಟಿಯಿರಬೇಕು. 50 ವರ್ಷ ದಾಟಿದ ಗಾಡಿಗಳಿಗೆ 'ವಿಂಟೇಜ್' ಎಂಬ ಬೇರೆ ನೋಂದಣಿ 2021ರಲ್ಲಿ ಬಂತು. ಆದರೆ ಹಾಗೆ ಬರೆಸಿದ ಕಾರನ್ನು ಪ್ರದರ್ಶನ, ರ್‍ಯಾಲಿಯಂಥ ಸಂದರ್ಭ ಬಿಟ್ಟು ದಿನನಿತ್ಯ ಓಡಿಸೋ ಹಾಗಿಲ್ಲ. ನಮ್ಮದಕ್ಕೆ 2028ರಲ್ಲಿ ಐವತ್ತು ತುಂಬುತ್ತೆ. ಧರ್ಮಸ್ಥಳದ ಸಂಗ್ರಹಾಲಯದಲ್ಲಿ ಸಾಲಾಗಿ ನಿಂತ ಹಳೇ ಕಾರುಗಳನ್ನು ನೀವೂ ನೋಡಿರ್ತೀರಿ, ಎಷ್ಟು ಚಂದ! ಆದರೆ ನಮ್ಮದು ಆಸ್ಪತ್ರೆಗೆ, ಸಂತೆಗೆ, ನಂಜುಂಡೇಶ್ವರನ ತೇರಿಗೆ ಹೋಗಬೇಕಾದ ಗಾಡಿ. ಅದಕ್ಕೇ ಹಳೇ ನೋಂದಣಿಯಲ್ಲೇ ಮುಂದುವರಿಸೋದು ಅಂತ ತೀರ್ಮಾನಿಸಿದ್ದೇವೆ.

ಮನೆಯಾಗಲಿ, ಕಾರಾಗಲಿ, ಸೋರೋ ಕಡೆ ಬಟ್ಟಲಿಟ್ಟು ಎಷ್ಟು ದಿನ ಕಳೆಯೋದು? ನೀರು ಎಲ್ಲಿ ನಿಲ್ಲುತ್ತೆ ಅಂತ ಹುಡುಕಿ, ಕೆಟ್ಟದ್ದನ್ನು ಕತ್ತರಿಸಿ, ಗಟ್ಟಿ ತಗಡು ಹಾಕಿಸಿದರೆ ಖರ್ಚು ಒಂದೇ ಸಲ. ಏನಂತೀರಿ?

ಮುಂದಿನ ಸಂಚಿಕೆಯಲ್ಲಿ ಮತ್ತೆ ಅಡುಗೆಮನೆಗೇ ಬರೋಣ. ಹೊಸ ಹುಣಸೆಹಣ್ಣನ್ನು ವರ್ಷಪೂರ್ತಿ ಕಪ್ಪಾಗದಂತೆ ಇಡೋದು ಹೇಗೆ ಅಂತ ಹೇಳ್ತೀನಿ.