ಕಾರು ಉಳಿಯಿತು, ಹತಾರ ಎಲ್ಲಿ?

ಹಳೆಯ ಕಾರುಗಳನ್ನು ಉಳಿಸಬೇಕೆಂಬ ಮಾತಿಗೆ ಇಂದು ಎದುರಾಡುವವರು ಕಡಮೆ. ಧರ್ಮಸ್ಥಳದ ಕಾರು ಸಂಗ್ರಹಾಲಯವನ್ನು ಕಂಡು ಬೆರಗಾಗಿ ಬಂದ ಕನ್ನಡಿಗರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. 2023ರ ಅಕ್ಟೋಬರಿನ ಕೊನೆಯಲ್ಲಿ ಕಪ್ಪು-ಹಳದಿ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ ಮುಂಬಯಿಯ ರಸ್ತೆಗಳಿಂದ ಮರೆಯಾದಾಗ ಪತ್ರಿಕೆಗಳು ವಿದಾಯದ ಬರಹಗಳನ್ನು ಪ್ರಕಟಿಸಿದವು. ಆದರೆ ಇಂಥ ವಾಹನಗಳನ್ನು ಬಿಚ್ಚಿ ಜೋಡಿಸುವ ಹತಾರಗಳಿಗೆ ವಿದಾಯ ಹೇಳಿದ ಬರಹವೊಂದನ್ನು ನಾವು ಕಾಣೆವು. ವಾಹನವನ್ನು ಉಳಿಸಿ ಅದರ ಹತಾರವನ್ನು ಕಳೆದುಕೊಳ್ಳುವುದೆಂದರೆ ಗ್ರಂಥವನ್ನು ಉಳಿಸಿ ಲಿಪಿಯನ್ನು ಮರೆತಂತೆ ಎಂಬುದು ನಮ್ಮ ನಿಲುವು.

ಒಂದೇ ಒಂದು ಯಂತ್ರಭಾಗವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಐದನೆಯ ಗಿಯರು ಸಾಮಾನ್ಯವಾಗುವ ಮುನ್ನ ಬ್ರಿಟಿಷ್ ಕಾರುಗಳಲ್ಲಿ ಗಿಯರ್‌ಬಾಕ್ಸಿನ ಹಿಂಬದಿಗೆ ‘ಓವರ್‌ಡ್ರೈವ್’ ಎಂಬ ಘಟಕವನ್ನು ಜೋಡಿಸುತ್ತಿದ್ದರು. ಎಡ್ಗರ್ ಡಿ ನಾರ್ಮನ್‌ವಿಲ್ ರೂಪಿಸಿದ, ಶೆಫೀಲ್ಡಿನ ಲೇಕಾಕ್ ಕಂಪನಿ ತಯಾರಿಸಿದ ಈ ಘಟಕ 1948ರ ಸುಮಾರಿಗೆ ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡ್ ಕಾರಿನೊಂದಿಗೆ ಬಳಕೆಗೆ ಬಂದು, ಮುಂದೆ ಟ್ರಯಂಫ್, ಜಾಗ್ವಾರ್, ಎಂಜಿ, ವೋಲ್ವೋ ಕಾರುಗಳನ್ನು ಸೇರಿತು. ನಡುವೆ ಸನ್ ಗಿಯರು, ಅದನ್ನು ಸುತ್ತುವ ಪ್ಲಾನೆಟ್ ಗಿಯರುಗಳು, ಹೊರಗೆ ಒಳಹಲ್ಲಿನ ಉಂಗುರ: ಇದು ಅದರ ಅಂತರಂಗ. ಚಾಲಕ ಗುಂಡಿಯೊತ್ತಿದಾಗ ಎಣ್ಣೆಯ ಒತ್ತಡವು ಕೋನ್ ಕ್ಲಚ್ಚನ್ನು ಸರಿಸಿ ಸನ್ ಗಿಯರನ್ನು ತಿರುಗದಂತೆ ಹಿಡಿಯುತ್ತದೆ. ಆಗ ಹೊರಗಿನ ಉಂಗುರ ಒಳಬಂದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ತಿರುಗುತ್ತದೆ. ನಿಮಿಷಕ್ಕೆ 4000 ಸುತ್ತು ತಿರುಗಬೇಕಿದ್ದ ಎಂಜಿನ್ನು ಸುಮಾರು 3200 ಸುತ್ತಿನಲ್ಲಿಯೇ ಅದೇ ವೇಗವನ್ನು ಕೊಡುತ್ತದೆ. ಸದ್ದು ಇಳಿಯುತ್ತದೆ, ಪೆಟ್ರೋಲು ಉಳಿಯುತ್ತದೆ.

ಇಷ್ಟು ಚತುರವಾದ ಘಟಕವನ್ನು ಸಾಮಾನ್ಯ ಸ್ಪ್ಯಾನರಿನಿಂದ ಸರಿಪಡಿಸಲಾಗದು. ಅದಕ್ಕೆಂದೇ ಬ್ರಿಟನ್ನಿನ ಚರ್ಚಿಲ್ ಕಂಪನಿ ವಿಶೇಷ ಹತಾರಗಳನ್ನು ತಯಾರಿಸುತ್ತಿತ್ತು. ಎಣ್ಣೆಯ ಒತ್ತಡವನ್ನು ಅಳೆಯುವ ಗೇಜು ಅವುಗಳಲ್ಲಿ ಮೊದಲನೆಯದು. ‘ಎ’ ಮಾದರಿಯ ಘಟಕಗಳಲ್ಲಿ ಈ ಒತ್ತಡ ಚದರ ಅಂಗುಲಕ್ಕೆ ನಾನೂರು ಪೌಂಡಿನ ಆಸುಪಾಸಿನದು. ಒಂದೇ ದಿಕ್ಕಿಗೆ ತಿರುಗುವ ಕ್ಲಚ್ಚಿನ ರೋಲರುಗಳು ಚೆದುರದಂತೆ ಹಿಡಿದು ಕೂರಿಸಲು ಒಂದು ಉಂಗುರ. ಪಂಪನ್ನು ಗೂಡಿನಿಂದ ಎಳೆದು ತೆಗೆಯಲು ಒಂದು ಎಳೆತಿರುಪು. ಒಳಗಿನ ಎರಡು ಸಾಲು ಹಲ್ಲುಗಳನ್ನು ಒಂದೇ ನೇರಕ್ಕೆ ತಂದು, ಗಿಯರ್‌ಬಾಕ್ಸಿನ ದಂಡ ಸುಗಮವಾಗಿ ಇಳಿಯುವಂತೆ ಮಾಡಲು ಒಂದು ಅಣಕು ದಂಡ. ಇವುಗಳ ಜೊತೆಗೆ ಅತ್ಯಂತ ಸರಳವಾದ ಇನ್ನೊಂದಿದೆ: ಒಂದು ಅಂಗುಲದ ಹದಿನಾರರಲ್ಲಿ ಮೂರು ಭಾಗ ದಪ್ಪದ ಕಡ್ಡಿ. ವಾಲ್ವಿನ ಸನ್ನೆಯ ರಂಧ್ರವು ಹಿಂದಿನ ಕವಚದ ರಂಧ್ರಕ್ಕೆ ಸರಿಯಾಗಿ ಕೂಡಿದೆಯೇ ಎಂಬುದನ್ನು ಆ ಕಡ್ಡಿ ತೂರಿಸಿ ನೋಡುತ್ತಾರೆ. ಡ್ರಿಲ್ಲಿನ ಹಿಂಬದಿಯೂ ಅದಕ್ಕೆ ಸಾಕು. ಆದರೆ ಯಾವ ಅಳತೆಯದೆಂದು ತಿಳಿದಿರಬೇಕು.

ಹತಾರವಿಲ್ಲದಲ್ಲಿ ಊಹೆ ಕೆಲಸಕ್ಕಿಳಿಯುತ್ತದೆ. ಓವರ್‌ಡ್ರೈವ್ ಹಿಡಿಯದಿದ್ದರೆ ದೋಷ ತಂತಿಯಲ್ಲಿರಬಹುದು, ಸೊಲೆನಾಯ್ಡಿನಲ್ಲಿರಬಹುದು, ಸನ್ನೆಯ ಜೋಡಣೆಯಲ್ಲಿರಬಹುದು. ಇವೆಲ್ಲ ಹೊರಗಿನಿಂದಲೇ ಸರಿಪಡಿಸಬಹುದಾದವು. ಒತ್ತಡದ ಗೇಜು ಇದ್ದರೆ ಒಳಗಿನ ಪಂಪು, ವಾಲ್ವುಗಳ ಸ್ಥಿತಿಯೂ ಬಿಚ್ಚುವ ಮುನ್ನವೇ ಬಹುಮಟ್ಟಿಗೆ ತಿಳಿಯುತ್ತದೆ. ಅದಿಲ್ಲದ ಕಡೆ ಗಿಯರ್‌ಬಾಕ್ಸ್ ಸಮೇತ ಎಲ್ಲವನ್ನೂ ಇಳಿಸುತ್ತಾರೆ; ಬಲವಾದ ಸ್ಪ್ರಿಂಗುಗಳು ಒತ್ತಿ ನಿಂತಿರುವ ಕವಚವನ್ನು ಕ್ರಮ ತಪ್ಪಿ ಬಿಚ್ಚುತ್ತಾರೆ; ಬಟ್ಟೆಯ ಒಂದು ಎಳೆ ಒಳಗೆ ಸೇರಿದರೂ ಚೆನ್ನಾಗಿದ್ದ ವಾಲ್ವು ಕೆಡುತ್ತದೆ. ಕೊನೆಗೆ ಘಟಕವನ್ನೇ ಕಿತ್ತುಹಾಕಿ, ‘ಇದಿಲ್ಲದೆಯೂ ಓಡುತ್ತದೆ’ ಎಂಬ ಸಮಾಧಾನ ಹೇಳುತ್ತಾರೆ. ಓಡುತ್ತದೆ, ನಿಜ. ಆದರೆ ಅದು ಆ ಕಾರಲ್ಲ.

ಈ ಮಾತನ್ನು ಪರೇಲಿನಲ್ಲಿ ಕುಳಿತು ಹೇಳುವುದಕ್ಕೆ ಕಾರಣವಿದೆ. ಪರೇಲ್ ಎಂದರೆ ಮೊದಲಿನಿಂದಲೂ ಲೋಹವನ್ನು ಪಳಗಿಸಿದವರ ನೆಲ. ಜಿ.ಐ.ಪಿ. ರೈಲ್ವೆಯ ಕಾಲದ ವರ್ಕ್‌ಶಾಪು ಇಲ್ಲಿಯದು. ಸುತ್ತಲಿನ ಗಿರಣಿಗಳಲ್ಲಿ ಮಗ್ಗಗಳನ್ನು ಸರಿಪಡಿಸುವ ಫಿಟ್ಟರುಗಳಿದ್ದರು, ಟರ್ನರುಗಳಿದ್ದರು. ಪರದೇಶದ ಯಂತ್ರದ ಮುರಿದ ಭಾಗವನ್ನು ನೋಡಿ ಅಂಥದೇ ಇನ್ನೊಂದನ್ನು ಲೇತಿನ ಮೇಲೆ ಎಬ್ಬಿಸುವುದು ಅವರ ದಿನನಿತ್ಯದ ಕೆಲಸ. 1982ರ ಜನವರಿಯಲ್ಲಿ ಆರಂಭವಾದ ಮುಷ್ಕರದ ಬಳಿಕ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಫೀನಿಕ್ಸ್ ಮಿಲ್ಲಿನ ಆವರಣದಲ್ಲಿ ಮಾಲ್ ಎದ್ದಿತು. ಚಿಮಣಿಗಳ ಬಗ್ಗೆ ಕವಿತೆಗಳು ಬಂದವು. ಆದರೆ ಕೈಯಿಂದ ಕೈಗೆ ದಾಟುತ್ತಿದ್ದ ಕೌಶಲದ ಸರಪಳಿ ಕಡಿದುದು ಚಿಮಣಿ ಬಿದ್ದಷ್ಟು ಸ್ಪಷ್ಟವಾಗಿ ಕಣ್ಣಿಗೆ ಕಾಣುವುದಿಲ್ಲ.

‘ಹಳೆಯ ಕಾರು ಉಳ್ಳವರ ಶೋಕಿ, ಸಾಹಿತ್ಯ ಬಳಗಕ್ಕೇಕೆ ಈ ಚಿಂತೆ?’ ಎಂದು ಕೇಳುವವರಿದ್ದಾರೆ. ಕಾರು ಉಳ್ಳವರದು, ಒಪ್ಪಿದೆವು. ಹತಾರ ಮಾತ್ರ ದುಡಿಯುವವನದು. ಅವನ ಅನ್ನವೂ ಮರ್ಯಾದೆಯೂ ಅದರಲ್ಲಿವೆ. ‘ಈಗ ಕಂಪ್ಯೂಟರ್ ಚಾಲಿತ ಯಂತ್ರಗಳಿವೆ, ಬೇಕಾದಾಗ ಮಾಡಿಸಿಕೊಂಡರಾಯಿತು’ ಎಂಬುದು ಇನ್ನೊಂದು ವಾದ. ಯಂತ್ರ ಕತ್ತರಿಸಬಲ್ಲದು, ಅಳತೆಯನ್ನು ನಾವೇ ಕೊಡಬೇಕು. ಸವೆದ ಭಾಗವನ್ನು ಅಳೆದು ಮಾಡಿದ ಹೊಸದು ಸವಕಲಿನ ಪ್ರತಿಯೇ ಆಗುತ್ತದೆ. ಸರಿಯಾದ ಅಳತೆ ಇರುವುದು ಮೂಲ ಹತಾರದಲ್ಲಿ ಅಥವಾ ಅದನ್ನು ಬಳಸಿದವರ ನೆನಪಿನಲ್ಲಿ. ಹತಾರ ಗುಜರಿಯಲ್ಲಿ ತೂಕಕ್ಕೆ ಮಾರಾಟವಾಗುತ್ತಿದೆ, ನೆನಪಿಗೆ ವಯಸ್ಸಾಗುತ್ತಿದೆ.

ಸಾಹಿತ್ಯಕ್ಕೂ ಇಲ್ಲಿ ಪಾಲಿದೆ. ಹೊರನಾಡಿನ ಕನ್ನಡದಲ್ಲಿ ಹೋಟೆಲಿನ ಅನುಭವ ಕಥೆಯಾಯಿತು, ರಾತ್ರಿಶಾಲೆಯ ಅನುಭವ ಆತ್ಮಕಥೆಯಾಯಿತು. ಗ್ಯಾರೇಜಿನ, ಲೇತಿನ ಕನ್ನಡ ಇನ್ನೂ ಬರಹಕ್ಕೆ ಸಾಕಷ್ಟು ಬಂದಿಲ್ಲ. ಮರಾಠಿಯ ‘ಪಾನಾ’, ಇಂಗ್ಲಿಷಿನ ಬೇರಿಂಗು, ಊರಿನ ಕಮ್ಮಾರಸಾಲೆಯ ಚಿಮಟ ಒಂದೇ ವಾಕ್ಯದಲ್ಲಿ ಬೆರೆತು ಹುಟ್ಟಿದ ಆ ನುಡಿಗೆ ನಿಘಂಟಿಲ್ಲ. ಅದನ್ನಾಡುವವರು ನಿವೃತ್ತರಾಗಿ ಊರಿಗೆ ಮರಳುತ್ತಿದ್ದಾರೆ.

ಆದ್ದರಿಂದ ನಾವು ಕೇಳುವುದು ಮೂರು. ಹಳೆಯ ಹತಾರಗಳಿರುವವರು ಅವುಗಳ ಚಿತ್ರ, ಅಳತೆ, ಉಪಯೋಗವನ್ನು ಕನ್ನಡದಲ್ಲಿ ಬರೆದಿಡಲಿ. ಬರೆಯಲಾರದವರಿಂದ ಕೇಳಿ ಬರೆದುಕೊಳ್ಳುವ ಹೊಣೆ ನಮ್ಮದು. ಕಾರು ಸಂಗ್ರಾಹಕರು ಒಂದು ಕಾರಿಗೆ ಬಣ್ಣ ಬಳಿಸುವ ಖರ್ಚಿನ ಅಲ್ಪಭಾಗವನ್ನು ಪರೇಲಿನಂಥ ನಡುವಣ ಜಾಗದಲ್ಲಿ ಒಂದು ಸಾಮೂಹಿಕ ಹತಾರಪೆಟ್ಟಿಗೆಗೆ ಕೊಡಲಿ. ಗೇಜು, ಉಂಗುರ, ಅಣಕು ದಂಡಗಳು ವರ್ಷಕ್ಕೆ ಒಂದೆರಡು ಬಾರಿ ಬೇಕಾಗುವವು. ಪ್ರತಿಯೊಬ್ಬನೂ ಕೊಳ್ಳಬೇಕಾಗಿಲ್ಲ, ಎರವಲು ಸಿಕ್ಕರೆ ಸಾಕು. ಮೂರನೆಯದಾಗಿ, ಅನುಭವಿ ಮೇಸ್ತ್ರಿಯೊಬ್ಬರ ಬಳಿ ಕಲಿಯುವ ಹುಡುಗನಿಗೆ ಕಲಿಕೆಯ ಅವಧಿಯಲ್ಲಿ ಸಂಬಳ ಸಿಗಲಿ.

ಆಯುಧಪೂಜೆಯ ದಿನ ನಾವು ಸ್ಪ್ಯಾನರಿಗೂ ಕುಂಕುಮ ಹಚ್ಚುವ ಜನ. ಮುಂದಿನ ನವರಾತ್ರಿಯಲ್ಲಿ ಹೂವೇರಿಸುವ ಮುನ್ನ ಪೆಟ್ಟಿಗೆಯನ್ನು ಪೂರ್ತಿ ತೆರೆದು, ಒಳಗೆ ಏನೇನಿದೆ, ಯಾವುದು ಯಾವುದಕ್ಕೆ ಎಂದು ಒಂದು ಪಟ್ಟಿ ಮಾಡಿದರೆ ಪೂಜೆ ಪೂರ್ಣವಾದೀತು.