ರೋಗವಿದ್ದವನು ಅಪರಾಧಿಯೆ?



ಮಳೆಯಲ್ಲಿ ನೆನೆಯುತ್ತಿರುವವನಿಗೆ ಕೊಡೆ ಮಾರುವುದಿಲ್ಲ, ಮೂರು ವರ್ಷ ಬಿಟ್ಟು ಬಾ ಎಂದು ಅಂಗಡಿಯವನು ಹೇಳಿದರೆ ನಾವು ನಗುತ್ತೇವೆ. ಆರೋಗ್ಯವಿಮೆಯ ಕಂಪನಿ ಅದನ್ನೇ ಹೇಳಿದರೆ ಮಾತ್ರ ತಲೆಬಾಗಿ ರುಜು ಹಾಕುತ್ತೇವೆ.

ಸಕ್ಕರೆ ಕಾಯಿಲೆಯೋ ರಕ್ತದೊತ್ತಡವೋ ಇದ್ದವನು ಖಾಸಗಿ ವಿಮೆ ಮಾಡಿಸಲು ಹೋದರೆ ಅದಕ್ಕೆ ‘ಮೊದಲೇ ಇದ್ದ ರೋಗ’ ಎಂಬ ಮುದ್ರೆ ಬೀಳುತ್ತದೆ. ಆ ರೋಗದ ಖರ್ಚು ಕೊಡದೆ ಕಂಪನಿ 36 ತಿಂಗಳವರೆಗೆ ಕಾಯಿಸಬಹುದು. 2024ರ ಏಪ್ರಿಲ್‌ಗೆ ಮುಂಚೆ ಈ ಮಿತಿ 48 ತಿಂಗಳಿತ್ತು. ಕಂತನ್ನು ಮಾತ್ರ ಮೊದಲ ದಿನದಿಂದಲೇ ಕಟ್ಟಬೇಕು. ರೋಗ ನೋಡಿ ಕಂತನ್ನು ಏರಿಸುವುದೂ ಉಂಟು.

ಈ ರೋಗಗಳು ಎಲ್ಲಿಂದ ಬಂದವು? ಹತ್ತಿಯ ಧೂಳು ಕುಡಿದು ಗಿರಣಿ ಕೆಲಸಗಾರನ ಎದೆ ಕಟ್ಟುವ ಬಿಸಿನೋಸಿಸ್ ಕೆಲಸದಿಂದಲೇ ಬರುವ ರೋಗವೆಂದು ಕಾನೂನೇ ಒಪ್ಪಿದೆ. ನಾಡಿಗೆ ಬಟ್ಟೆ ಕೊಟ್ಟು ಗಳಿಸಿದ ಕೆಮ್ಮು, ವಿಮೆಯ ಕಾಗದದಲ್ಲಿ ಅವನದೇ ತಪ್ಪಾಗುತ್ತದೆ!

ರೋಗ ಬಂದ ಮೇಲೆ ಎಲ್ಲರೂ ವಿಮೆಗೆ ಓಡಿಬಂದರೆ ಹಣ ಎಲ್ಲಿಂದ ತರುವುದು ಎಂದು ಕಂಪನಿಯವರು ಕೇಳುತ್ತಾರೆ. ಪ್ರಶ್ನೆ ಸರಿಯಾದುದೇ. ಅದಕ್ಕೆ ಉತ್ತರ ರೋಗಿಯನ್ನು ಹೊರಗಿಡುವುದಲ್ಲ, ಆರೋಗ್ಯವಂತನನ್ನೂ ಮೊದಲೇ ಒಳಗೆ ತರುವುದು. ಇ.ಎಸ್.ಐ. ಮಾಡಿರುವುದು ಅದನ್ನೇ. 1952ರಲ್ಲಿ ಕಾನ್ಪುರ ಮತ್ತು ದೆಹಲಿಯಲ್ಲಿ ಆರಂಭವಾದ ಈ ಯೋಜನೆ ಸೇರುವವನ ರಕ್ತ ಪರೀಕ್ಷಿಸುವುದಿಲ್ಲ. 2019ರಲ್ಲಿ ಗೊತ್ತುಮಾಡಿದ ದರದಂತೆ 12,000 ರೂಪಾಯಿ ಸಂಬಳದವನ ಪಾಲು 90 ರೂಪಾಯಿ, ಮಾಲೀಕನ ಪಾಲು 390. ದೊಡ್ಡ ಚಿಕಿತ್ಸೆಗಳಿಗೆ ಇಷ್ಟು ತಿಂಗಳು ಕಂತು ಕಟ್ಟಿರಬೇಕೆಂಬ ಷರತ್ತುಂಟು. ಆದರೆ ರೋಗ ಹಳೆಯದೋ ಹೊಸದೋ ಎಂಬ ವಿಚಾರಣೆ ಇಲ್ಲ. 2018ರ ಆಯುಷ್ಮಾನ್ ಭಾರತ ಯೋಜನೆಯೂ ತನ್ನ ಪಟ್ಟಿಯಲ್ಲಿರುವವರ ಹಳೆಯ ರೋಗವನ್ನು ಮೊದಲ ದಿನದಿಂದಲೇ ಒಪ್ಪುತ್ತದೆ. ಆಗದೆಂಬ ಮಾತು ಸುಳ್ಳೆಂದು ಇದರಿಂದಲೇ ತಿಳಿಯದೆ?

ಹಾಗಾದರೆ ಹೊರಗುಳಿದವರು ಯಾರು? ಬೀಡಿ ಅಂಗಡಿಯವನು, ಕಿರಾಣಿಯವನು, ತಳ್ಳುಗಾಡಿಯವನು. ಇವರಿಗೆ ಮಾಲೀಕನೂ ಇಲ್ಲ, ಇ.ಎಸ್.ಐ.ಯೂ ಇಲ್ಲ. 2017ರಲ್ಲಿ ನಿಗದಿಯಾದ 21,000 ರೂಪಾಯಿ ಮಿತಿಯನ್ನು ದಾಟಿದ ಕಾರ್ಮಿಕನೂ ಅಷ್ಟೆ. ಸಂಬಳ ಚೂರು ಏರಿತು, ರಕ್ಷಣೆ ಹೋಯಿತು. ನಡುವಯಸ್ಸಿನ ರೋಗಗಳನ್ನು ಹೊತ್ತು ಅವನು ಕಂಪನಿಯ ಬಾಗಿಲಲ್ಲಿ ನಿಲ್ಲಬೇಕು.

ನಮ್ಮ ಬೇಡಿಕೆ ಎರಡೇ: ಸಂಬಳದ ಮಿತಿ ಏರಲಿ, ಸಣ್ಣ ವ್ಯಾಪಾರಿಗೂ ಇಂಥದೇ ಯೋಜನೆ ಬರಲಿ, ಮಾಲೀಕನ ಪಾಲನ್ನು ಸರ್ಕಾರ ಕಟ್ಟಲಿ.

ಅಲ್ಲಿಯವರೆಗೆ ಖಾಸಗಿ ವಿಮೆ ಮಾಡಿಸುವವರು ಎಚ್ಚರದಿಂದಿರಿ. ಏಜೆಂಟನ ಮಾತು ಕೇಳಿ ರೋಗ ಮುಚ್ಚಿಡಬೇಡಿ; ನಾಳೆ ಹಣ ನಿರಾಕರಿಸಲು ಅದೇ ನೆಪವಾಗುತ್ತದೆ. ಅರ್ಜಿಯ ನಕಲು ಇಟ್ಟುಕೊಳ್ಳಿ. ಕಂತು ತಪ್ಪಿಸಬೇಡಿ: 60 ತಿಂಗಳು ಸತತವಾಗಿ ಕಟ್ಟಿದ ಮೇಲೆ, ಮೋಸ ರುಜುವಾತಾದ ಹೊರತು, ರೋಗ ಹೇಳಲಿಲ್ಲವೆಂದು ಕಂಪನಿ ತಕರಾರು ತೆಗೆಯುವಂತಿಲ್ಲ.

ಆದರೆ ಐದು ವರ್ಷ ಕಾಯುವಷ್ಟು ತಾಳ್ಮೆ ಕಾಯಿಲೆಗೆ ಇರುವುದಿಲ್ಲ. ನಮಗೂ ಇರಬಾರದು.