ಮೀಟರ್ ಸ್ಮಾರ್ಟ್ ಆದ್ರೆ ಸಾಕಾ?

2025ರ ಫೆಬ್ರವರಿ 15ರಿಂದ ಬೆಸ್ಕಾಂ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ತಂದಾಗ ಗಲಾಟೆಯೆಲ್ಲ ಬೆಲೆಯದ್ದು. ಸಿಂಗಲ್ ಫೇಸಿಗೇ ಸುಮಾರು 5,000 ರೂಪಾಯಿ. ಆ ಸಿಟ್ಟು ನ್ಯಾಯವೇ. ಆದ್ರೆ ನಾವು ಇನ್ನೊಂದು ಪ್ರಶ್ನೆಯನ್ನೂ ಕೇಳ್ಬೇಕು: ಮೀಟರಿನ ಲೆಕ್ಕ ಮನೆಯವರಿಗೆ ಸಿಗುತ್ತಾ?

ಬೇಲೂರು ತಾಲ್ಲೂಕಿನ ಅರೇಹಳ್ಳಿಯ ಒಂದು ಮನೆ ಅಂದ್ಕೊಳ್ಳಿ. ಗೃಹಜ್ಯೋತಿ ಇದೆ. ಆದ್ರೆ ತಿಂಗಳಿಗೆ 200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ ಕಟ್ಟಬೇಕು. 2 ಕಿಲೋವಾಟ್ ಗೀಸರ್ ದಿನಾ ಅರ್ಧ ಗಂಟೆ ಓಡಿದ್ರೆ ತಿಂಗಳಿಗೆ 30 ಯೂನಿಟ್. ಮಲೆನಾಡಿನ ಮಳೆಗಾಲದಲ್ಲಿ ಅಷ್ಟಕ್ಕೇ ನಿಲ್ಲುತ್ತಾ? 180 ಆದಾಗಲೇ ಗೊತ್ತಾಗ್ಬೇಕು. ಬಿಲ್ ಬಂದ ಮೇಲೆ ಗೊತ್ತಾದ್ರೆ, ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಸ್ಮಾರ್ಟ್ ಮೀಟರ್ ಅರ್ಧ ಗಂಟೆಗೊಮ್ಮೆ ಬಳಕೆ ದಾಖಲಿಸಬಲ್ಲದು. ಆದ್ರೆ ಆ ಮಾಹಿತಿ ಹೋಗೋದು ಕಂಪನಿಯ ಸರ್ವರಿಗೆ. ಅದು ಕನ್ನಡದಲ್ಲಿ, ನೆಟ್‌ವರ್ಕ್ ಇಲ್ಲದಿದ್ರೂ ಅಜ್ಜಿಗೆ ಅರ್ಥವಾಗೋ ಹಾಗೆ ಮನೆಯೊಳಗೇ ಕಾಣದಿದ್ರೆ ಸ್ಮಾರ್ಟ್ ಆಗಿದ್ದು ಕಂಪನಿ ಮಾತ್ರ.

ಹಾಗಂತ ಹೊಸ ಮೀಟರಿಗೆ ಕಾಯಬೇಕಿಲ್ಲ. ಈಗಿನ ಡಿಜಿಟಲ್ ಮೀಟರಲ್ಲೇ ಕೆಂಪು ದೀಪ ಮಿಣುಕುತ್ತೆ. ಅದರ ಮೇಲೆ 3200 ಇಂಪಲ್ಸ್ ಅಂತಿದ್ರೆ, ಅಷ್ಟು ಮಿಣುಕಿಗೆ ಒಂದು ಯೂನಿಟ್. ನಿಮಿಷಕ್ಕೆ 53 ಅಂದ್ರೆ ಸುಮಾರು 1 ಕಿಲೋವಾಟ್. ಸೀಲ್ ಮುಟ್ಟದೆ, ಹೊರಗಿಂದಲೇ ಒಂದು ಲೈಟ್ ಸೆನ್ಸರ್, ಅಡುಗೆಮನೇಲಿ ಒಂದು ಪುಟ್ಟ ಡಿಸ್‌ಪ್ಲೇ. ಇಸಿ, ಇಇ ಗೆಳೆಯರೇ, ಈ ಸಲದ ಮಿನಿ ಪ್ರಾಜೆಕ್ಟ್ ಇದೇ ಯಾಕಾಗ್ಬಾರ್ದು?